ಫಾಮೋರಿಯ ಟಗರು

ಇವತ್ತಿಗೂ ಅಗಿದ ಸೊಪ್ಪಿನ ವಾಸನೆ ಬಂದರೆ ನಾನು ಮೂಗು ಮುಚ್ಚಿಕೊಂಡು ದೂರ ಸರಿಯುತ್ತೇನೆ.

ನಮ್ಮ ಮಾಲಿ ದೇಶದಲ್ಲಿ ಬಕ್ರೀದಿಗೆ ತಬಸ್ಕಿ ಎನ್ನುತ್ತೇವೆ. ಆ ಹಬ್ಬಕ್ಕೆ ಮುಂಚೆ, ಕೊಯ್ಯಲಿರುವ ಟಗರಿನ ಜೊತೆ ಫೋಟೋ ತೆಗೆಸಿಕೊಳ್ಳಲು ಸೆಗೂ ಪಟ್ಟಣದವರೆಲ್ಲ ನನ್ನ ಸ್ಟುಡಿಯೋಗೆ ಬರುತ್ತಾರೆ. ಆ ವರ್ಷ ನನ್ನ ಗೆಳೆಯ ಫಾಮೋರಿ ಕೇತಾ ತನ್ನ ಟಗರಿನ ಕೊಂಬು ಹಿಡಿದು ನಿಂತ. ಅದು ಮೆಲುಕು ಹಾಕುತ್ತಲೇ ಇತ್ತು.

ಹಬ್ಬ ಕಳೆದ ಮೇಲೆ ಫೋಟೋ ತೊಳೆದು ನೇತುಹಾಕಿದೆ. ಎಲ್ಲವೂ ಒಣಗಿತು, ಟಗರಿನ ಬಾಯಿ ಮಾತ್ರ ಒಣಗಲಿಲ್ಲ. ಬೆರಳಿನಿಂದ ಒರೆಸಿದೆ. ಆ ಕಪ್ಪು-ಬಿಳುಪು ಫೋಟೋದಿಂದ ಬೆರಳಿಗೆ ಹಸಿರು ಲೋಳೆ ಅಂಟಿತು. ಬೆಚ್ಚಗಿತ್ತು, ಹುಳಿ ನಾತ ಬೇರೆ. ಒರೆಸಿದಷ್ಟೂ ಬಂತು. ಇನ್ನೊಂದು ಪ್ರತಿ ಮಾಡಿದೆ, ಅದೂ ಹಾಗೇ.

ತೋರಿಸಿದರೆ ಫಾಮೋರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೋ ಅಲಸಂದೆ ತಿನ್ನೋ ಕುಲೀಬಾಲಿ, ತಿಂದಿದ್ದನ್ನ ನನ್ನ ಫೋಟೋ ಮೇಲೆ ಉಗುಳಿದ್ದೀಯಲ್ಲೋ!” ನಮ್ಮ ಕುಲೀಬಾಲಿ ಕುಲದವರನ್ನು ಕೇತಾ ಕುಲದವರು ತಮಾಷೆಗೆ ಹಂಗಿಸುವುದೇ ಹೀಗೆ.

“ಥೂ, ಮೂಸಿ ನೋಡೋ! ಸುಟ್ಟಾಕು ಇದನ್ನ,” ಎಂದೆ.

“ತಲೆ ಕೂಡ ಬಿಡ್ದೆ ತಿಂದು ಮುಗ್ಸಿದೀವಿ ಕಣೋ. ಇನ್ನೇನ್ ಉಳ್ದಿರುತ್ತೆ ಅದ್ರಲ್ಲಿ?” ಎಂದವನೇ ಒಯ್ದು ಮನೆಯ ಗೋಡೆಗೆ ಹಾಕಿದ.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಫೋಟೋದಲ್ಲಿ ಟಗರಿನ ಬಾಯಿ ಒಣಗಿದೆ. ಪಕ್ಕದಲ್ಲಿ ಕೊಂಬು ಹಿಡಿದು ನಿಂತ ಫಾಮೋರಿಯ ತುಟಿ ಒದ್ದೆಯಾಗಿದೆ.