ಮೆಟ್ಟಿಲ ಮೇಲಿನ ಟಾರ್ಚು

ನನ್ನದು ಹಾರ್ಡ್‌ವೇರ್ ಅಂಗಡಿ. ಯಾವ ಸಾಮಾನನ್ನೂ ಮನೆಯಲ್ಲಿ ಬಳಸಿ ನೋಡದೆ ಮಾರುವವನಲ್ಲ. ಒಂಬತ್ತು ಎಲ್‌ಇಡಿಯ ಈ ಅಗ್ಗದ ಟಾರ್ಚಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ನೋಡಲು ಬೆಳಿಗ್ಗೆ ಹೊತ್ತಿಸಿ ಅಡುಗೆಮನೆಯಲ್ಲಿಟ್ಟೆ. ಅರ್ಧ ಗಂಟೆಯಲ್ಲಿ ಆರಿತ್ತು. ಯಾರೋ ಗುಂಡಿ ಒತ್ತಿ ಆರಿಸಿದಂತಿತ್ತು; ಗುಂಡಿ ಒದ್ದೆಯಾಗಿತ್ತು, ಪಾತ್ರೆ ತೊಳೆಯುವ ಸೋಪಿನ ವಾಸನೆ ಬರುತ್ತಿತ್ತು. ಕೋಣೆಯಲ್ಲಿಟ್ಟರೂ ಅದೇ ಕಥೆ.

"ನಾನು ಮುಟ್ಟೇ ಇಲ್ಲಪ್ಪ," ಎಂದಳು ಮಗಳು. ಆಮೇಲೆ ಮೆಲ್ಲಗೆ, "ಹಗಲು ಹೊತ್ತಲ್ಲಿ ಲೈಟ್ ಉರಿದ್ರೆ ಅಮ್ಮಂಗೆ ಆಗ್ತಾನೇ ಇರ್ಲಿಲ್ಲ ಅಲ್ವಾ?"

ಮೆಟ್ಟಿಲ ಬಲ್ಬು ಹೋಗಿದೆ ಎಂದು ನನ್ನ ಹೆಂಡತಿ ಹದಿನೈದು ದಿನ ಹೇಳಿದ್ದಳು. ಅಂಗಡಿ ತುಂಬ ಬಲ್ಬಿಟ್ಟುಕೊಂಡು ನಾಳೆ ನಾಳೆ ಎನ್ನುತ್ತಿದ್ದೆ. ಆ ಕತ್ತಲಲ್ಲೇ ಅವಳು ಜಾರಿ ಬಿದ್ದು ತೀರಿಕೊಂಡದ್ದು.

ಕೊನೆಗೆ ಟಾರ್ಚನ್ನು ಆ ಮೆಟ್ಟಿಲ ಮೇಲಿಟ್ಟೆ. ಡಬ್ಬಿಯ ಮೇಲೆ ಎಂಟು ಗಂಟೆ ಎಂದು ಬರೆದಿದೆ. ಇವತ್ತಿಗೆ ಹನ್ನೊಂದು ದಿನ, ಇನ್ನೂ ಉರಿಯುತ್ತಿದೆ.