ಮಸಿ ಹಿಡಿದ ಬಿಲ್ಲೆ

ಮಟಮಟ ಮಧ್ಯಾಹ್ನ ಗುತ್ತೆವ್ವನ ಉಸಿರಾಟದ ಮಷಿನ್ ನಿಂತಿತು. ಆಕ್ಸಿಜನ್ ಸಿಲಿಂಡರ್ ತರುವುದರೊಳಗೆ ಮುದುಕಿಯ ಜೀವ ಹೋಯಿತು.

“ಮೊಬೈಲ್ ಚಾರ್ಜಿಗೆ ಇಕೀನ ಪ್ಲಗ್ ಕಿತ್ತಾಳ!” — ಹೊಲದಿಂದ ಬಂದ ಮಗ ಹುಲಗೇಶ ಹೆಂಡತಿ ಜಯಶ್ರೀಯತ್ತ ಬೆರಳು ಮಾಡಿದ. ಹಿರೇಬೆಂಡಿಗೇರಿ ಊರು ಪೂರ್ತಿ ಅದನ್ನೇ ಆಡಿತು. ಆಡುವವರ ಬಾಯಿಗೆ ಕೈ ಅಡ್ಡ ಹಿಡಿಯಲಾದೀತೆ?

ಐದನೇ ದಿನ ಜಯಶ್ರೀ ಆ ಮಷಿನ್ ಹೊತ್ತು ಸವಣೂರಿನ ಚನ್ನೇಶನ ರಿಪೇರಿ ಅಂಗಡಿಗೆ ಬಂದಳು.

“ನಾ ಪ್ಲಗ್ ಮುಟ್ಟಿಲ್ರಿ ಅಣ್ಣಾರ. ಯಾಕ ನಿಂತಿತು ಹೇಳ್ರಿ. ಇಲ್ಲಾಂದ್ರ ದಿನಕರ್ಮ ಮುಗಿದಮ್ಯಾಲ ತವರಿಗೆ ನಡಿ ಅಂದಾರ.”

ಚನ್ನೇಶ ಮಷಿನ್ ಬಿಚ್ಚಿದ. ಕರೆಂಟ್ ಒಳಬರುವ ಬೋರ್ಡಿನಲ್ಲಿ ಫ್ಯೂಸ್ ಹೋಗಿತ್ತು. ಪಕ್ಕದಲ್ಲೊಂದು ಬಿಲ್ಲೆ ಸಿಡಿದು ಮಸಿಯಾಗಿತ್ತು. ಏನಿದು? ಕೆಪಾಸಿಟರೋ, ಮತ್ತೊಂದೋ?

“ನಿಲ್ಲೂ ಮುಂದ ಸಪ್ಪಳ ಆತೇನವಾ?”

“ಪಟ್ ಅಂತ ಆತ್ರಿ. ಸುಟ್ಟ ನಾತ ಬಂತು.”

“ಮನ್ಯಾಗಿನ ಬಲ್ಬು, ಟಿವಿ?”

“ಎಲ್ಲಾ ಚಲೋನ ಅದಾವ್ರಿ.”

ಹಾಗಾದರೆ ವೋಲ್ಟೇಜ್ ಏರಿದ್ದಲ್ಲ! ಚನ್ನೇಶ ಸ್ಪಿರಿಟ್ ಹಚ್ಚಿ ಮಸಿ ಒರೆಸಿದ. ಬಿಲ್ಲೆಯ ನೀಲಿ ಮೈಮೇಲೆ 361. ಅದರ ಕೆಳಗೆ ಬೋರ್ಡಿನಲ್ಲಿ ಅಚ್ಚಾಗಿದ್ದ ಅಂಕಿ — 471.

“ಇದಕ್ಕ ವ್ಯಾರಿಸ್ಟರ್ ಅಂತಾರ ತಂಗಿ. ಕರೆಂಟ್ ಜೋರಾದ್ರ ಏಟು ತಾನು ತಿಂದು ಮಷಿನ್ ಉಳಸತೈತಿ. ಇಲ್ಲಿ ಹೆಚ್ಚು ತಡಿಯೂದು, 470 ವೋಲ್ಟಿನ 471 ಬೇಕಿತ್ತು; ಯಾರೋ ಕಡಿಮಿ ತಡಿಯೂದು, 360 ವೋಲ್ಟಿನ 361 ಹಾಕ್ಯಾರ. ದಿನಾ ಸವದು ಸವದು ಸಿಡದೈತಿ. ಮೊದಲ ರಿಪೇರಿ ಮಾಡಿಸಿದ್ರೇನು?”

“ಹೋದ ದೀಪಾವಳಿ ಮುಂದ ನಮ್ಮವ್ರು ಬರೇ ಬೋರ್ಡು ಬಿಚ್ಕೊಂಡು ಪ್ಯಾಟಿಗೆ ಹೋಗಿದ್ರು. ಎಲ್ಲಿ ಮಾಡಿಸಿದ್ರೋ ಗೊತ್ತಿಲ್ರಿ.”

ಯಾವ ಹರಕು ಕಸಬಿನವನೋ ಎಂದು ಬೈಯುತ್ತಲೇ ಚನ್ನೇಶ ಬಿಲ್ಲೆ ಕಿತ್ತ. ಅದರ ಎರಡೂ ಕಾಲಿಗೆ ಹಳದಿ ವೈರಿನ ಸಿಪ್ಪೆ ತೊಡಿಸಿತ್ತು. ಒಂದಕ್ಕೊಂದು ತಾಗದಿರಲೆಂದು ಹೀಗೆ ಸಿಪ್ಪೆ ತೊಡಿಸುವವನು ಸವಣೂರಿನಲ್ಲಿ ಒಬ್ಬನೇ — ಚನ್ನೇಶ. ಬರೀ ಬೋರ್ಡು ಕೈಗೆ ಬಂದಾಗ, ಇದು ಯಾವ ಮಷಿನ್ನಿನದೆಂದು ಅವನು ಕೇಳಿರಲಿಲ್ಲ. ಹಳೆಯ ಟಿವಿಯ ಬಿಲ್ಲೆಯೊಂದನ್ನು ಕಿತ್ತು ಬೆಸೆದು, ‘ನಡೀತೈತಿ, ತಗೊಂಡು ಹೋಗ್ರಿ’ ಎಂದಿದ್ದ.

“ಯಾರಂತ ತಿಳೀತೇನ್ರಿ?”

ಚನ್ನೇಶ ಅಂಗಡಿಗೆ ಬೀಗ ಹಾಕಿದ. “ನಡಿ ತಂಗಿ, ನಿಮ್ಮೂರಿಗೆ ಹೋಗಿ ಹೇಳ್ತೇನಿ.”

ಮನೆಯ ಕಟ್ಟೆಯ ಮೇಲೆ ಬಂಧುಬಳಗ ಕೂತಿತ್ತು. ಚನ್ನೇಶ ಬೋರ್ಡನ್ನು ಹುಲಗೇಶನ ಮುಂದಿಟ್ಟು ನಡೆದದ್ದೆಲ್ಲ ಬಿಡಿಸಿ ಹೇಳಿದ.

“ನಿನ್ನ ಹೆಂಡ್ತಿದು ಏನೂ ತಪ್ಪಿಲ್ಲಪಾ. ನಿಮ್ಮವ್ವನ್ನ ಕೊಂದಾಂವ ನಾನ.”

ಐದು ದಿನ ಬರೀ ಅಪವಾದಕ್ಕೆ ಅತ್ತಿದ್ದ ಜಯಶ್ರೀ ಬಾಗಿಲಲ್ಲೇ ಕುಸಿದು, “ಅತ್ತೀ...” ಎಂದು ಮೊದಲ ಸಲ ಗುತ್ತೆವ್ವನಿಗಾಗಿ ಅತ್ತಳು.