ತೀರಿಕೊಂಡವರ ಕಾರ್ಡು

ಮಾರ್ಚ್ ಒಂಬತ್ತು, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೊಲಿಗೆ ಕೆಲಸದ ಹೆಂಗಸು, ಕೂರುವ ಮೊದಲೇ ಇನ್ಸ್‌ಪೆಕ್ಟರ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಅದು ಕೇಂದ್ರ ಗ್ರಂಥಾಲಯದಿಂದ ಅವಳ ತಂದೆಯ ಹೆಸರಿಗೆ ಬಂದಿತ್ತು. ಫೆಬ್ರವರಿ ಹನ್ನೆರಡರಂದು ತಾವು ಪಡೆದ ಎರಡು ಪುಸ್ತಕಗಳನ್ನು ಕೂಡಲೇ ಹಿಂತಿರುಗಿಸತಕ್ಕದ್ದು ಎಂದು ಬರೆದಿತ್ತು.

"ಅಪ್ಪ ತೀರಿಕೊಂಡು ಏಳು ತಿಂಗಳಾಯ್ತು ಸಾರ್. ಯಾರೋ ಅವರ ಹೆಸರಲ್ಲಿ ಆಟ ಆಡ್ತಿದಾರೆ."

"ಕಾರ್ಡ್ ಎಲ್ಲಿದೆ?"

"ಅವರು ತೀರಿಕೊಂಡ ವಾರಾನೇ ನಮ್ಮ ಬಡಾವಣೆ ಲೈಬ್ರರಿಗೆ ವಾಪಸ್ ಕೊಟ್ಟೆ. ಅಲ್ಲಿರೋ ಅಕ್ಕನ ಕೈಗೆ."

ದೆವ್ವಕ್ಕೂ ಓದುವ ಹುಚ್ಚು ಹಿಡಿದಿದೆ ಎಂದು ಆ ದಿನವೆಲ್ಲ ಠಾಣೆಯಲ್ಲಿ ನಗೆಯೋ ನಗೆ. ಮಹಿಳಾ ಕಾನ್‌ಸ್ಟೆಬಲ್ ಮಾತ್ರ ನಗಲಿಲ್ಲ. ಪೊಲೀಸ್ ಪರೀಕ್ಷೆಗೆ ಅವಳು ಎರಡು ವರ್ಷ ಓದಿದ್ದು ಅದೇ ಬಡಾವಣೆ ಲೈಬ್ರರಿಯಲ್ಲಿ. ಹಾಗಾಗಿಯೇ ಇನ್ಸ್‌ಪೆಕ್ಟರು ವಿಚಾರಣೆಯ ಓಡಾಟವನ್ನು ಅವಳ ತಲೆಗೆ ಕಟ್ಟಿದರು.

ಮಂಗಳವಾರ ಹನ್ನೊಂದಕ್ಕೆ ಇಬ್ಬರೂ ಕೇಂದ್ರ ಗ್ರಂಥಾಲಯಕ್ಕೆ ಹೋದರು. ನಲವತ್ತಾರು ಶಾಖೆ, ಎರಡು ಸಂಚಾರಿ ವ್ಯಾನು, ಕಣ್ಣು ಕಾಣದವರಿಗೆ ಧ್ವನಿ ಪುಸ್ತಕ ಎಂದು ಅಲ್ಲಿನ ಅಧಿಕಾರಿ ಮಗನ ಮದುವೆಗೆ ಕರೆಯುವವರ ಉತ್ಸಾಹದಲ್ಲಿ ಹೇಳಿಕೊಂಡರು. ಅವರ ತಲೆಯ ಮೇಲೆ, ಗೋಡೆಯಲ್ಲಿ, 'ಪ್ರತಿ ಬಡಾವಣೆಗೂ ಒಂದು ಓದುಕೋಣೆ' ಎಂಬ ಬೋರ್ಡು.

"ಓದೋರು ಕಮ್ಮಿಯಾದ್ರೆ?" ಇನ್ಸ್‌ಪೆಕ್ಟರು ಕೇಳಿದರು.

"ತಿಂಗಳಿಗೆ ಆರುನೂರು ಓದಿನ ಲೆಕ್ಕ ತೋರಿಸ್ಬೇಕು. ಇಲ್ದಿದ್ರೆ ಶಾಖೆ ಮುಚ್ತೀವಿ."

"ನಮ್ಮ ಬಡಾವಣೆ ಶಾಖೇದು?"

"ಆರುನೂರ ಎಂಟು, ಆರುನೂರ ಹನ್ನೊಂದು. ಪ್ರತಿ ತಿಂಗಳೂ ಕೂದಲೆಳೆಯಲ್ಲಿ ಪಾರಾಗತ್ತೆ."

ಮರುದಿನ ಕಾನ್‌ಸ್ಟೆಬಲ್ ನಗರಸಭೆಯ ಮರಣ ನೋಂದಣಿಯನ್ನೂ ಶಾಖೆಯ ಸದಸ್ಯರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಳು. ಮೂವತ್ತೇಳು ಮಂದಿ ಸತ್ತ ಮೇಲೂ ತಪ್ಪದೆ ಓದುತ್ತಿದ್ದರು. ಅವರೆಲ್ಲ ಪುಸ್ತಕ ಒಯ್ಯುತ್ತಿದ್ದದ್ದು ಗುರುವಾರ ಮಧ್ಯಾಹ್ನ ಒಂದರಿಂದ ಎರಡರೊಳಗೆ, ಊಟಕ್ಕೆಂದು ಶಾಖೆಯ ಬಾಗಿಲು ಹಾಕಿರುವ ಹೊತ್ತಿನಲ್ಲಿ. ಬೀಗದ ಕೈ ಇದ್ದದ್ದು ಲೈಬ್ರರಿ ಅಕ್ಕ ಒಬ್ಬರ ಹತ್ತಿರ. ಫೆಬ್ರವರಿಯ ಕೊನೆಯ ವಾರ ಅವರು ಜ್ವರದಿಂದ ಮಲಗಿದ್ದರು, ಪುಸ್ತಕ ವಾಪಸ್ ಬಂದಂತೆ ದಾಖಲಿಸುವವರಿರಲಿಲ್ಲ. ವಾಪಸಾಗದ ಪುಸ್ತಕಗಳಿಗೆ ಕಂಪ್ಯೂಟರು ತಾನಾಗಿಯೇ ಹತ್ತೊಂಬತ್ತು ಮನೆಗೆ ಕಾಗದ ಕಳಿಸಿತ್ತು. ಉಳಿದವರು ಹರಿದೆಸೆದರು. ಠಾಣೆಗೆ ಬಂದವಳು ಒಬ್ಬಳೇ.

ಗುರುವಾರ ಬೆಳಿಗ್ಗೆ ಅಧಿಕಾರಿಯ ಲಿಖಿತ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಒಂದೂವರೆಗೆ ಕಾನ್‌ಸ್ಟೆಬಲ್ ಹಾಗೂ ಸಾಕ್ಷಿಗೆಂದು ಕರೆದ ಇಬ್ಬರು ಪಂಚರೊಂದಿಗೆ ಇನ್ಸ್‌ಪೆಕ್ಟರು ಶಾಖೆ ತಲುಪಿದಾಗ, ಬಾಗಿಲು ತೆರೆಯಲಿ ಎಂದು ಐವತ್ತಕ್ಕೂ ಹೆಚ್ಚು ಜನ ಮೆಟ್ಟಿಲ ಮೇಲೆ ಕಾಯುತ್ತಿದ್ದರು.

ಲೈಬ್ರರಿ ಅಕ್ಕ ಬಾಗಿಲು ತೆರೆದರು. ಐವತ್ತೈದು ದಾಟಿದ, ಕನ್ನಡಕಕ್ಕೆ ದಾರ ಕಟ್ಟಿದ ಹೆಂಗಸು. ಹಿಂದಿನ ಕೋಣೆಯ ಬೀರು ತೆಗೆಯಿರಿ ಎಂದಾಗ ಮರುಮಾತಾಡದೆ ತೆಗೆದರು. ಒಳಗೆ ಎರಡೆರಡು ಪುಸ್ತಕಗಳ ಕಟ್ಟು, ಪ್ರತಿ ಕಟ್ಟಿಗೂ ಒಂದು ಹೆಸರಿನ ಚೀಟಿ. ಲಾರಿ ಓಡಿಸುತ್ತಿದ್ದವರ ಹೆಸರಲ್ಲಿ ಪ್ರವಾಸ ಕಥನ, ನರ್ಸಮ್ಮನ ಹೆಸರಲ್ಲಿ ಪತ್ತೇದಾರಿ. ಠಾಣೆಗೆ ಬಂದಿದ್ದ ಹೊಲಿಗೆಯವಳ ತಂದೆಯ ಚೀಟಿಯಲ್ಲಿ 'ಮೊದಲ ಭಾಗ ಓದಿದ್ದಾರೆ, ಎರಡನೆಯದು ಕೊಡುವುದು' ಎಂದಿತ್ತು. ಸುಳ್ಳು ಬರೆಯುವಾಗಲೂ ಆಕೆ ಒಬ್ಬರ ಇಷ್ಟವನ್ನೂ ತಪ್ಪಿಸಿರಲಿಲ್ಲ.

"ಯಾರು ಮಾಡಿದ್ದು?"

"ನಾನೇ."

"ಯಾಕೆ?"

"ಹೊರಗಡೆ ಕೂತೋರನ್ನ ನೋಡಿದ್ರಲ್ಲ? ಮನೇಲಿ ಕಾಲು ಚಾಚೋಕೂ ಜಾಗ ಇಲ್ದೋರು. ಇಲ್ಲೇ ಕೂತು ಓದ್ತಾರೆ, ಮನೆಗೆ ಒಯ್ಯಲ್ಲ. ಮನೆಗೆ ಒಯ್ಯದೋರು ಲೆಕ್ಕಕ್ಕಿಲ್ಲ." ಕಾನ್‌ಸ್ಟೆಬಲ್ ಕಡೆ ತಿರುಗಿದರು. "ನೀನೂ ಎರಡು ವರ್ಷ ಕೂತೆ. ಒಂದೇ ಒಂದು ಪುಸ್ತಕ ಮನೆಗೆ ಒಯ್ದೆಯಾ ತಾಯಿ?"

ಕಾನ್‌ಸ್ಟೆಬಲ್ ತಲೆ ತಗ್ಗಿಸಿ ಪಂಚನಾಮೆ ಬರೆಯತೊಡಗಿದಳು. ಎಪ್ಪತ್ತನಾಲ್ಕು ಪುಸ್ತಕ, ಮೂವತ್ತೇಳು ಕಾರ್ಡು. ಮೇಜಿನ ಕೆಳಗಿನ ಡ್ರಾಯರಿನಲ್ಲಿ ಕೇಂದ್ರ ಗ್ರಂಥಾಲಯದ ಹನ್ನೊಂದು ಲಕೋಟೆ. ಒಂದನ್ನೂ ಒಡೆದಿರಲಿಲ್ಲ.

"ಇದೇನು?"

"ಮುಚ್ಚೋ ಆರ್ಡರ್ ಇರತ್ತೆ ಅಂತ ಒಡೀಲಿಲ್ಲ ಸಾರ್. ದಪ್ಪ ಲಕೋಟೆ ಬಂದ್ರೆ ಹಾಗೇ ಡ್ರಾಯರಿಗೆ ಹಾಕ್ತಿದ್ದೆ."

ಪಟ್ಟಿ ಮಾಡಲು ಒಂದೊಂದನ್ನೇ ಒಡೆಯಬೇಕಾಯಿತು. ಆರನೆಯದು ಎರಡು ವರ್ಷ ಹಿಂದಿನ ಸುತ್ತೋಲೆ. ಅದನ್ನು ಕಾನ್‌ಸ್ಟೆಬಲ್ ಗಟ್ಟಿಯಾಗಿ ಓದಿದಳು. ಇನ್ನು ಮುಂದೆ ಓದುಕೋಣೆಯಲ್ಲಿ ಕುಳಿತು ಓದುವವರನ್ನೂ ಲೆಕ್ಕಕ್ಕೆ ಹಿಡಿಯಲಾಗುವುದು. ಬಾಗಿಲಲ್ಲಿ ಒಂದು ಪುಸ್ತಕವಿಟ್ಟು ಅವರ ಸಹಿ ಪಡೆದರೆ ಸಾಕು.

ಇನ್ಸ್‌ಪೆಕ್ಟರು ಸುತ್ತೋಲೆಯನ್ನು ತಾವೇ ಇಸಿದುಕೊಂಡು ಎರಡು ಸಲ ಓದಿದರು, ಮೂರನೆಯ ಸಲಕ್ಕೆ ಬೇರೇನಾದರೂ ಇರಬಹುದೆಂಬಂತೆ ಮತ್ತೂ ನೋಡಿದರು.

"ಸಾರ್, ಇದೊಂದು ಸಲ..." ಎಂದಳು ಕಾನ್‌ಸ್ಟೆಬಲ್.

"ಬೆಳಿಗ್ಗೇನೇ ಎಫ್‌ಐಆರ್ ಆಗೋಗಿದೆಯಮ್ಮ. ನನ್ನ ಕೈಲಿ ಏನೂ ಇಲ್ಲ."

ಮಧ್ಯಾಹ್ನ ಮೂರು ನಲವತ್ತಕ್ಕೆ ಬಂಧನ. ಸರ್ಕಾರಿ ದಾಖಲೆ ತಿದ್ದಿದ ಆರೋಪ. ಉದ್ದೇಶ ಎಂಬ ಕಡೆ ಇನ್ಸ್‌ಪೆಕ್ಟರು 'ಹೆದರಿಕೆ' ಎಂದು ಬರೆದರು. ಅದಕ್ಕಿಂತ ಸರಿಯಾದ ಮಾತು ಅವರಿಗೆ ಸಿಗಲಿಲ್ಲ. ಮೆಟ್ಟಿಲ ಮೇಲಿದ್ದವರನ್ನು ಎಬ್ಬಿಸಿ, ಬೀಗ ಹಾಕಿ, ಸೀಲು ಒತ್ತುವ ಕೆಲಸ ಕಾನ್‌ಸ್ಟೆಬಲ್ ಪಾಲಿಗೆ ಬಂತು. ನಾಳೆ ಎಷ್ಟು ಹೊತ್ತಿಗೆ ತೆಗೀತಾರೆ ಎಂದು ಜನ ಕೇಳಿದರು. ಗೊತ್ತಿಲ್ಲ ಎಂದಳು.

ಜೀಪು ತಿರುವು ದಾಟಿತು. ಅಕ್ಕ ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಕೈ ಹಿಡಿದುಕೊಂಡರು.

"ಆ ಲಕೋಟೆ ನೀನೂ ಒಡೀಬಾರದಿತ್ತು ಕಣಮ್ಮ," ಎಂದರು.